ಅಕ್ಕೋರ, ಪ್ರಾಜೆಕ್ಟ್ ಮಾಡ್ಕೋತ ಕುಂತ್ರ ಓದು ಯಾವಾಗ?

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಹೋದ ತಿಂಗಳು ಇದೇ ಪುಟದಾಗ ನಾ ಒಂದು ಮಾತು ಬರ್ದಿದ್ದೆ. ಪಾಠ ಹೇಳಿ ಪ್ರಶ್ನೋತ್ತರ ಬರೆಸೋದಕ್ಕಿಂತ, ಹುಡುಗ್ರ ಕೈಲೇ ಒಂದು ಪ್ರಾಜೆಕ್ಟ್ ಮಾಡಿಸಿದ್ರ ಆ ಪಾಠ ಭಾಳ ದಿನ ತಲ್ಯಾಗ ಉಳೀತೈತಿ ಅಂತ. ಅದಕ್ಕ ಇಷ್ಟು ಪತ್ರ ಬರ್ತಾವ ಅಂತ ಅನ್ಕೊಂಡಿದ್ದಿಲ್ರಿ. ಕೆಲವರು ಹೌದಂದಾರ, ಕೆಲವರು ಸಿಟ್ಟಾಗ್ಯಾರ, ಒಂದು ಹುಡುಗಿ ಅಂತೂ ಅಳುಮಾರಿ ಆಗಿ ಬರ್ದಾಳ. ಎಲ್ಲಾದಕ್ಕೂ ಉತ್ತರ ಕೊಡಾಕ ಜಾಗ ಇಲ್ಲ, ಏಳು ಆರಿಸೀನಿ. ನಾ ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲಾದಾಗ ಗಣಿತ, ವಿಜ್ಞಾನ ಕಲಿಸಿದಾಕಿ, ಅದಕ್ಕ ಉದಾಹರಣೆ ಎಲ್ಲಾ ಅಲ್ಲಿವೇ ಬರ್ತಾವ.

ಪ್ರಶ್ನೆ: ನನ್ನ ಮಗ ಆರನೇ ಕ್ಲಾಸ್. ಗೋಲಗುಮ್ಮಟದ ಮಾಡೆಲ್ ಮಾಡ್ಕೊಂಡು ಬಾ ಅಂತ ಸಾಲ್ಯಾಗ ಹೇಳಿದ್ರು. ಥರ್ಮಾಕೋಲ್, ಫೆವಿಕಾಲ್, ಬಣ್ಣ, ಸಣ್ಣ ಲೈಟು ಎಲ್ಲಾ ಸೇರಿ 650 ರೂಪಾಯಿ ಹೋತು. ರಾತ್ರಿ ಹನ್ನೊಂದರ ತನಕ ನಾನೂ ಅವರಪ್ಪನೂ ಕುಂತು ಮಾಡಿದ್ವಿ, ಮಗ ಒಂಬತ್ತಕ್ಕೇ ಮಲಗಿದ್ದ. ಮರುದಿನ ಅವನಿಗೆ ಫಸ್ಟ್ ಪ್ರೈಜ್ ಬಂತು. ನನಗ ಖುಷಿ ಆಗ್ಲಿಲ್ಲ ಅಕ್ಕೋರ, ಇದರಿಂದ ಅವಂಗೇನು ಬಂತು? – ಒಬ್ಬ ತಾಯಿ, ವಿಜಯಪುರ

ಉತ್ತರ: ತಂಗಿ, ನಿಮಗ ಖುಷಿ ಆಗ್ಲಿಲ್ಲ ಅಂತ ಬರ್ದೀರಲ್ಲ, ಅದು ಬರೋಬ್ಬರಿ ಐತಿ. ಮಗ ಮಲಗಿದ್ದಾಗ ಆದ ಕೆಲಸ ಮಗನ ಪ್ರಾಜೆಕ್ಟ್ ಆಗೋದಿಲ್ಲ. ಅದು ಒಂದು ಕೈಕೆಲಸ, ಅದೂ ನಿಮ್ಮಿಬ್ಬರದು. ಸಾಲಿಯವರು ಕೇಳಿದ್ದೇ ತಪ್ಪು ಪ್ರಶ್ನೆ, "ಗೋಲಗುಮ್ಮಟ ಮಾಡ್ಕೊಂಡು ಬಾ" ಅಂದ್ರ ಅದರಾಗ ಹುಡುಗ ಹುಡುಕೋದು ಏನೈತಿ ಹೇಳ್ರಿ? ಪ್ರಾಜೆಕ್ಟ್ ಅಂದ್ರ ಮೊದಲು ಒಂದು ಪ್ರಶ್ನೆ ಇರಬೇಕು, ಉತ್ತರ ಹುಡುಗಂಗೂ ಗೊತ್ತಿರಬಾರದು, ಸಿಗಬೇಕಂದ್ರ ಅವ ಎದ್ದು ಹೋಗಿ ಅಳೀಬೇಕು, ಎಣಿಸಬೇಕು, ಯಾರನ್ನರ ಕೇಳಬೇಕು, ತಪ್ಪಿದ್ರ ತಿರುಗಿ ಮಾಡಬೇಕು.

ನಾ ಒಂದು ವರ್ಷ ಹತ್ತನೇ ಕ್ಲಾಸಿನ ಹುಡುಗ್ರಿಗೆ ಅದೇ ಗೋಲಗುಮ್ಮಟ ಕೊಟ್ಟಿದ್ದೆ. ಪ್ರಶ್ನೆ ಒಂದೇ, "ಮ್ಯಾಲ ಹತ್ತದನ, ಟೇಪ್ ಮ್ಯಾಲ ಒಯ್ಯದನ ಇದರ ಎತ್ತರ ಎಷ್ಟು ಹೇಳ್ರಿ". ಸಮರೂಪ ತ್ರಿಭುಜದ (ಆಕಾರ ಒಂದೇ, ಅಳತಿ ಬ್ಯಾರೆ ಇರೋ ತ್ರಿಭುಜ) ಪಾಠ ಆಗಿತ್ತು, ಬೋರ್ಡ್ ಮ್ಯಾಲ ಎಲ್ಲರೂ ಲೆಕ್ಕ ಬಿಡಿಸ್ತಿದ್ರು. ಸೆಪ್ಟೆಂಬರ್ ಕೊನೀಗೆ, ಮಳಿ ಬಿಟ್ಟು ಬಿಸಿಲು ಬಿದ್ದ ದಿನ, ಸಂಜಿ ನಾಕೂವರಿ ಸುಮಾರಿಗೆ ಹೋದ್ವಿ. ಒಂದು ಮೀಟರಿನ ಕೋಲು ನೆಟ್ಟಗ ನಿಲ್ಲಿಸಿದ್ರು, ಅದರ ನೆರಳು ಎರಡು ಮೀಟರ್ ಬಂತು. ಹಂಗಾದ್ರ ಗುಮ್ಮಟದ ನೆರಳಿನ ಅರ್ಧ ಅದರ ಎತ್ತರ, ಇಷ್ಟೇ ಅಲ್ಲ ಅಂದ್ರು. ಗ್ವಾಡಿಯಿಂದ ಹಿಡಿದು ನೆರಳಿನ ತುದಿ ತನಕ ಟೇಪ್ ಹಿಡಿದು ಅಳದ್ರು, 83 ಮೀಟರ್. ಅರ್ಧ ಮಾಡಿದ್ರ 41 ಮೀಟರ್ ಚಿಲ್ಲರೆ. ಪುಸ್ತಕದಾಗ ನೋಡಿದ್ರ 51 ಮೀಟರ್ ಅಂತ ಐತಿ! ಹತ್ತು ಮೀಟರ್ ಎಲ್ಲಿ ಹೋತು?

ನನಗ ಗೊತ್ತಿತ್ತು, ಹೇಳ್ಲಿಲ್ಲ. ಟೇಪ್ ತಪ್ಪಿರಬೇಕು ಅಂತ ಒಬ್ಬ, ಪುಸ್ತಕ ತಪ್ಪಿರಬೇಕು ಅಂತ ಇನ್ನೊಬ್ಬ, ಮತ್ತೊಮ್ಮೆ ಅಳದ್ರು, ಅಷ್ಟೇ ಬಂತು. ಹಿಂದ ಕುಂದರತಿದ್ದ ಒಂದು ಹುಡುಗಿ, ಪರೀಕ್ಷಾದಾಗ ಯಾವತ್ತೂ 40ರ ಮ್ಯಾಲ ತಗದಾಕಿ ಅಲ್ಲ, ನೆಲದ ಮ್ಯಾಲ ಕಡ್ಡೀಲೆ ಚಿತ್ರ ತಗದು, "ಅಕ್ಕೋರ, ಗುಮ್ಮಟದ ತುದಿ ಗ್ವಾಡಿ ಮ್ಯಾಲ ಇಲ್ಲಲ್ರಿ, ನಡುವ ಐತಿ, ನಾವ ನಡುವಿಂದ ಅಳೀಬೇಕಿತ್ತು" ಅಂದ್ಲು. ಕಟ್ಟಡದ ಒಂದು ಬಾಜೂ ಸುಮಾರು 47.5 ಮೀಟರ್, ಅದರ ಅರ್ಧ 24 ಅಂತ ಹಿಡಿದು ಕೂಡಿಸಿದ್ರು, 107 ಆತು, ಅರ್ಧ 53 ಮೀಟರ್ ಚಿಲ್ಲರೆ. ಈಗ ಎರಡು ಮೀಟರ್ ಜಾಸ್ತಿ! ಅದರ ಕಾರಣ ಹುಡುಕಾಕ ಮತ್ತ ಮೂರು ದಿನ ಹೋತು. ಗುಮ್ಮಟ ದುಂಡಗೈತಿ, ಬಿಸಿಲಿನ ಗೆರಿ ತುದಿ ಮುಟ್ಟದನ ಬಾಜೂಕ ಸವರಿಕೊಂಡು ಬರ್ತೈತಿ, ಅದಕ್ಕ ನೆರಳು ಉದ್ದ ಬೀಳ್ತೈತಿ. ಇದು ಹತ್ತನೇ ಕ್ಲಾಸಿನ ಪುಸ್ತಕದಾಗಿಲ್ಲ. ಒಂದು ಚೆಂಡು, ಒಂದು ಟಾರ್ಚ್ ಇಟ್ಕೊಂಡು ಅವ್ರೇ ಕಂಡು ಹಿಡದ್ರು. ಆ ಹುಡುಗಿ ಅವತ್ತಿಂದ ಮುಂದಿನ ಬೆಂಚಿಗೆ ಬಂದ್ಲು, ನಾ ಹೇಳಿರಲಿಲ್ಲ, ತಾನೇ ಬಂದು ಕುಂತ್ಲು.

ನಿಮ್ಮ ಮಗ ಇನ್ನೂ ಆರನೇ ಕ್ಲಾಸ್, ಅವಂಗ ಇದು ಬ್ಯಾಡ. ಒಂದು ರವಿವಾರ ಕರಕೊಂಡು ಹೋಗ್ರಿ, ಕಟ್ಟಡದ ಸುತ್ತ ಹೆಜ್ಜಿ ಎಣಿಸಲಿ, ತನ್ನ ಹತ್ತು ಹೆಜ್ಜಿ ಎಷ್ಟು ಮೀಟರ್ ಅಂತ ಮನಿ ಅಂಗಳದಾಗ ಅಳೀಲಿ, ಗುಣಸಲಿ, ಆಮ್ಯಾಲ ಚೌಕುಳಿ ಹಾಳಿ ಮ್ಯಾಲ ಒಂದು ಸೆಂಟಿಮೀಟರಿಗೆ ಐದು ಮೀಟರ್ ಹಿಡಿದು ನಕ್ಷೆ ತಗೀಲಿ. ಬಸ್ ಚಾರ್ಜ್, ಟಿಕೆಟ್ ಬಿಟ್ರ ಖರ್ಚಿಲ್ಲ. ಇನ್ನೊಂದು ಮಾತು, ಪಾಲಕರ ಸಭಾದಾಗ ಎದ್ದು ನಿಂತು ಹೇಳ್ರಿ, "ಮನೀಗೆ ಕೊಡೋ ಮಾಡೆಲ್ ಬ್ಯಾಡ್ರಿ, ಮಾಡಿಸೋದನ್ನ ಕ್ಲಾಸಿನಾಗೇ ನಿಮ್ಮ ಕಣ್ಣೆದುರಿಗೇ ಮಾಡಿಸ್ರಿ" ಅಂತ. ನೀವೊಬ್ರೇ ಅಲ್ಲ, ಹತ್ತು ಮಂದಿ ತಾಯಂದಿರು ಇದನ್ನೇ ಹೇಳಾಕ ಕಾಯಕತ್ತಿರ್ತಾರ.

ಪ್ರಶ್ನೆ: ನಾನು ಸರಕಾರಿ ಪ್ರೌಢಶಾಲೆ ಶಿಕ್ಷಕ. ಒಂಬತ್ತನೇ ಕ್ಲಾಸಿನಾಗ 52 ಮಕ್ಕಳು. ಸಿಲೆಬಸ್ ಮುಗಿಸೋದೇ ಕಷ್ಟ, ನಡುವ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ತರಬೇತಿ. ಪ್ರಾಜೆಕ್ಟ್ ಛಲೋನೇ ಅಕ್ಕೋರ, ಟೈಮ್ ಎಲ್ಲೈತಿ? – ಶಿಕ್ಷಕರು, ಇಳಕಲ್ ತಾಲೂಕು

ಉತ್ತರ: ಸರ್, ನಿಮ್ಮ ಕಷ್ಟ ನನಗ ಗೊತ್ತೈತಿ, ಅದರಾಗೇ ಹಣ್ಣಾಗಿ ಬಂದಾಕಿ ನಾ. ಪಾಠ ಎಲ್ಲಾ ಮುಗಿಸಿ ಉಳಿದ ಟೈಮಿನಾಗ ಪ್ರಾಜೆಕ್ಟ್ ಮಾಡಸ್ತೀನಿ ಅಂದ್ರ ಆ ಟೈಮ್ ಯಾವತ್ತೂ ಬರೂದಿಲ್ರಿ. ಪಾಠವನ್ನೇ ಪ್ರಾಜೆಕ್ಟಿನ ಒಳಗ ಹಾಕಬೇಕು. ವರ್ಷಕ್ಕ ಎರಡೇ ಮಾಡ್ರಿ ಸಾಕು, ಆದ್ರ ಎರಡೂ ಪೂರ್ತಿ ಮಾಡ್ರಿ.

ನಮ್ಮ ಸಾಲಿ ನಳದ ಕಥಿ ಹೇಳ್ತೀನಿ. ಕೈ ತೊಳಿಯೋ ಕಡೆ ಒಂದು ನಳ ಸೋರತಿತ್ತು, ಒಂದೊಂದೇ ಹನಿ. ಹೋಗ್ಲಿ ಬಿಡು ಅನ್ನೋವಷ್ಟು ಸಣ್ಣದು. ಹುಡುಗ್ರಿಗೆ ಕೇಳಿದೆ, ವರ್ಷಕ್ಕ ಎಷ್ಟು ಕೊಡ ನೀರು ಹೋಗ್ತೈತಿ? ಯಾರೋ ಎರಡು ಕೊಡ ಅಂದ್ರು, ಯಾರೋ ಸಾವಿರ ಅಂದ್ರು. ಆ ಅಂದಾಜೆಲ್ಲಾ ಬೋರ್ಡಿನ ಮೂಲ್ಯಾಗ ಬರ್ದಿಟ್ವಿ, ವಾರ ಪೂರ್ತಿ ಅಳಿಸಲಿಲ್ಲ. ಅಳಿಯಾಕ ಲ್ಯಾಬಿನಾಗ ಅಳತಿ ಗ್ಲಾಸ್ ಇರಲಿಲ್ಲ, ಒಬ್ಬ ಹುಡುಗ ಮನಿಯಿಂದ ಕೆಮ್ಮಿನ ಔಷಧ ಬಾಟ್ಲಿ ಮ್ಯಾಲಿನ ಮುಚ್ಚಳ ತಂದ, ಅದರ ಮ್ಯಾಲ 5, 10 ಎಂ.ಎಲ್. ಗೆರಿ ಇರ್ತಾವಲ್ಲ, ಅದೇ ನಮ್ಮ ಅಳತಿ. ಹತ್ತು ನಿಮಿಷಕ್ಕ ಮೂರು ಮುಚ್ಚಳ, ಅಂದ್ರ 30 ಎಂ.ಎಲ್. ಒಂದು ಗುಂಪು ಅದನ್ನ ಸೀದಾ 24ರಿಂದ ಗುಣಿಸಿ ದಿನಕ್ಕ 720 ಎಂ.ಎಲ್. ಅಂತ ತಂದು ಕೊಟ್ರು, ಹತ್ತು ನಿಮಿಷವನ್ನ ತಾಸು ಮಾಡೋದನ್ನೇ ಮರ್ತಿದ್ರು. ಬಾಜೂ ಗುಂಪಿನವರು ಹಿಡದ್ರು, ನಾ ಅಲ್ಲ. ತಾಸಿಗೆ 180, ದಿನಕ್ಕ 4,320, ಅಂದ್ರ ನಾಕು ಲೀಟರಿಗಿಂತ ಜಾಸ್ತಿ. ವರ್ಷಕ್ಕ 1,577 ಲೀಟರ್. ನಮ್ಮೂರ ಕೊಡ 15 ಲೀಟರಿನದು, 105 ಕೊಡ ಆತು. ಬ್ಯಾಸಿಗ್ಯಾಗ ಒಂದೊಂದು ಕೊಡಕ್ಕೂ ಸರದಿ ನಿಂದ್ರೋ ಊರು ಅದು, ಆ ಸಂಖ್ಯಾ ಬೋರ್ಡಿನ ಮ್ಯಾಲ ಬಂದಾಗ ಕ್ಲಾಸು ತಣ್ಣಗಾಗಿಬಿಡ್ತು.

ಆಮ್ಯಾಲ ಕನ್ನಡ ಮಾಸ್ತರು ಸೇರಿಕೊಂಡ್ರು. ಪಂಚಾಯ್ತಿಗೆ ಮನವಿ ಪತ್ರ ಬರೀಬೇಕು, ಅದು ಹೆಂಗಿದ್ರೂ ಸಿಲೆಬಸ್ಸಿನಾಗ ಐತಿ. ಹುಡುಗ್ರು ಊರಾಗಿನ ನಳ ಎಲ್ಲಾ ಸುತ್ತಿ ಎಲ್ಲಿ ಸೋರತೈತಿ ಪಟ್ಟಿ ಮಾಡಿ, ಲೆಕ್ಕ ಹಚ್ಚಿ, ಪಿಡಿಒ ಸಾಹೇಬ್ರ ಕೈಗೇ ಕೊಟ್ಟು ಬಂದ್ರು. ಹದಿನೈದು ದಿನಕ್ಕ ವಾಯ್ಸರ್ ಬದಲಿ ಆದ್ವು, ಎಲ್ಲಾ ಅಲ್ಲ, ಆದ್ರ ಭಾಳಷ್ಟು. ನೋಡ್ರಿ ಸರ್, ಮಾಪನ, ಸರಾಸರಿ, ಪಟ್ಟಿ, ಸ್ತಂಭನಕ್ಷೆ, ಪತ್ರಲೇಖನ, ಸಮಾಜದಾಗ ಸ್ಥಳೀಯ ಸರಕಾರ, ಇಷ್ಟು ಪಾಠ ಒಂದು ವಾರದಾಗ ಹೋದ್ವು. ಬ್ಯಾರೆ ಬ್ಯಾರೆ ಹೇಳಿದ್ರ ಎಷ್ಟು ಪಿರಿಯಡ್ ಬೇಕಾಗ್ತಿತ್ತು ನೀವೇ ಲೆಕ್ಕ ಹಾಕ್ರಿ.

52 ಮಕ್ಕಳಂದ್ರ ಐದೈದರ ಹತ್ತು ಗುಂಪು, ಎರಡರಾಗ ಆರು. ಎಲ್ಲಾ ಗುಂಪಿಗೂ ಒಂದೇ ಪ್ರಶ್ನೆ ಕೊಡ್ರಿ, ಹತ್ತು ಪ್ರಶ್ನೆ ಕೊಟ್ರ ನೀವು ಸುಸ್ತಾಗ್ತೀರಿ. ನೀವು ಇಳಕಲ್ಲಿನವರು ಸರ್, ನಿಮಗ ಪ್ರಶ್ನೆ ಹುಡುಕೋ ಕಷ್ಟವೇ ಇಲ್ಲ. ಇಳಕಲ್ ಸೀರಿಯ ಒಡಲಿನ ಹಾಸು (ಮಗ್ಗಕ್ಕ ಉದ್ದಕ್ಕ ಹಾಕೋ ನೂಲು) ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡನ್ನೂ ಕೊಂಡಿ ಹಾಕಿ ಜೋಡಸ್ತಾರ. ಅದಕ್ಕ ಒಂದೇ ಉದ್ದನ ಹಾಸು ಹಾಕಿ ಸಾಲಾಗಿ ಹತ್ತು ಸೀರಿ ನೇಯಾಕ ಬರೂದಿಲ್ಲ, ಒಂದೊಂದು ಸೀರಿಗೂ ಹೊಸದಾಗಿ ಹಾಸು ತಯಾರ ಮಾಡಬೇಕು. ಇದರಿಂದ ನೇಕಾರಗ ಎಷ್ಟು ತಾಸು ಜಾಸ್ತಿ ಹಿಡೀತೈತಿ, ಆ ತಾಸಿನ ಕೂಲಿ ಸೀರಿ ರೇಟಿನಾಗ ಬರ್ತೈತೋ ಇಲ್ಲೋ? ನಿಮ್ಮ ಕ್ಲಾಸಿನಾಗೇ ಮಗ್ಗದ ಮನಿ ಹುಡುಗ್ರು ಇರ್ತಾರ, ಇಂಥಾದ್ರಾಗ ಅವ್ರೇ ಗುರುಗಳು.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ನೋಡಿ ಕಾಲೇಜಿನಾಗ ಸೀಟ್ ಕೊಡ್ತಾರ, ಪ್ರಾಜೆಕ್ಟ್ ನೋಡಿ ಅಲ್ಲ. ಇದರಿಂದ ಮಾರ್ಕ್ಸ್ ಬರ್ತಾವ ಅನ್ನೋದಕ್ಕ ಏನರ ಆಧಾರ ಐತೇನು? – ಒಬ್ಬ ತಂದಿ, ಗೋಕಾಕ

ಉತ್ತರ: ಅಣ್ಣಾರ, ನೀವು ಕೇಳಿದ್ದು ನ್ಯಾಯ. ಪ್ರಥಮ ಭಾಷೆಗೆ 100 ಬರವಣಿಗಿ, 25 ಆಂತರಿಕ, ಉಳಿದ ವಿಷಯಕ್ಕ 80 ಮತ್ತ 20. ಆಂತರಿಕದಾಗ ಪ್ರಾಜೆಕ್ಟ್, ಚಟುವಟಿಕಿ ಬರ್ತಾವ. ಆದ್ರ ನಾ 20 ಮಾರ್ಕ್ಸಿನ ಸಲುವಾಗಿ ಮಾಡಸ್ರಿ ಅನ್ನಾಕಿ ಅಲ್ಲ, 80ರ ಸಲುವಾಗೇ ಅಂತೀನಿ.

ಆಧಾರ ಎರಡೂ ಕಡೆ ಐತಿ, ಎರಡೂ ಹೇಳ್ತೀನಿ. ಅಮೆರಿಕಾದ ಮಿಷಿಗನ್ ರಾಜ್ಯದಾಗ ಮೂರನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಪ್ರಾಜೆಕ್ಟ್ ಮೂಲಕ ಕಲಿಸಿ, ಹಳೇ ರೀತಿ ಕಲಿತ ಮಕ್ಕಳ ಜೋಡಿ ಹೋಲಿಸಿ ನೋಡಿದ್ರು, 2021ರಾಗ ಫಲಿತಾಂಶ ಬಂತು, ಪ್ರಾಜೆಕ್ಟ್ ಮಕ್ಕಳು ನೂರಕ್ಕ ಸುಮಾರು 8 ಅಂಕ ಮುಂದಿದ್ರು. ಇಂಗ್ಲೆಂಡಿನಾಗ 2016ರಾಗ ಬಂದ ಇಂಥದೇ ಇನ್ನೊಂದು ಅಧ್ಯಯನದಾಗ ಹಂಗ ಆಗ್ಲಿಲ್ಲ. ಓದು-ಬರಹದಾಗ ಸ್ಪಷ್ಟ ಲಾಭ ಕಾಣ್ಲಿಲ್ಲ, ಬಡ ಮನಿ ಮಕ್ಕಳಿಗೆ ಸ್ವಲ್ಪ ಹಿನ್ನಡಿ ಆಗಿರಬಹುದು ಅಂತಾನೂ ಬಂತು. ಮಿಷಿಗನ್ನಿನಾಗ ಶಿಕ್ಷಕರಿಗೆ ತರಬೇತಿ ಕೊಟ್ಟಿದ್ರು, ಪಾಠದ ಸಾಮಾನೆಲ್ಲಾ ಮೊದಲೇ ತಯಾರ ಇತ್ತು. ಇಂಗ್ಲೆಂಡಿನಾಗ ಭಾಳ ಸಾಲಿಗಳು ನಡುವೇ ಕೈ ಬಿಟ್ವು.

ನನ್ನ ಅನುಭವನೂ ಇದೇ ಹೇಳ್ತೈತಿ. "ನೀವೇ ಹುಡುಕ್ರಿ" ಅಂದು ಮಾಸ್ತರು ಸ್ಟಾಫ್ ರೂಮಿಗೆ ಹೋಗಿ ಕುಂತ್ರ, ಮನ್ಯಾಗ ಓದಿದವರು ಇರೋ ಹುಡುಗ್ರು ಮುಂದ ಹೋಗ್ತಾರ, ಉಳಿದವರು ಚಾರ್ಟಿಗೆ ಬಾರ್ಡರ್ ಹಾಕ್ಕೋತ ಕುಂದರತಾರ. ನಡುನಡುವ ಹತ್ತು ನಿಮಿಷ ನಿಲ್ಲಿಸಿ ಬೋರ್ಡ್ ಮ್ಯಾಲ ಪಾಠ ಹೇಳಲೇಬೇಕು. ಆ ನಳದ ನೀರಿನ ಲೆಕ್ಕ ಮುಂದ ಹೋಗದನ ನಿಂತಾಗ ಹೇಳಿದ ಏಕಮಾನ ಪರಿವರ್ತನೆ (ಎಂ.ಎಲ್. ಅನ್ನ ಲೀಟರ್ ಮಾಡೋದು) ಬಾಯಿಪಾಠ ಮಾಡಿಸೋದು ಬೇಕಾಗೂದಿಲ್ಲ, ಯಾಕಂದ್ರ ಆ ಹೊತ್ತಿನಾಗ ಅದು ಅವ್ರಿಗೆ ಬೇಕಾಗಿರ್ತೈತಿ. ಮಗ್ಗಿ ಬಾಯಿಪಾಠ ಬಿಡ್ರಿ ಅಂತ ನಾ ಎಲ್ಲೂ ಹೇಳಿಲ್ಲ, ಮಗ್ಗಿ ಬರದವರು ಆ ನಳದ ಮುಂದ ನಿಂತು ಏನ ಮಾಡ್ಯಾರು?

ಪ್ರಶ್ನೆ: ಇದೆಲ್ಲಾ ಪರದೇಶದ ಫ್ಯಾಶನ್ ಅಲ್ಲೇನ್ರಿ? – ಓದುಗರು, ಅಥಣಿ

ಉತ್ತರ: ಹೆಸರು ಅಲ್ಲಿಂದ ಬಂತು, ಖರೆ. ಅಮೆರಿಕಾದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಾಗ ಶಿಕಾಗೋದಾಗ ಸಾಲಿ ತಗದು ಮಕ್ಕಳ ಕೈಲೇ ಅಡಗಿ, ಬಡಗಿ ಕೆಲಸ ಮಾಡಿಸಿ ಅದರ ಮೂಲಕ ಗಣಿತ, ವಿಜ್ಞಾನ ಕಲಿಸಿದ್ರು. ಅವ್ರ ಶಿಷ್ಯ ಕಿಲ್‌ಪ್ಯಾಟ್ರಿಕ್ 1918ರಾಗ ಅದಕ್ಕ ಪ್ರಾಜೆಕ್ಟ್ ಪದ್ಧತಿ ಅಂತ ಬರ್ದು ಜಗತ್ತಿಗೆಲ್ಲಾ ಗೊತ್ತ ಮಾಡಿಸಿದ್ರು.

ಆದ್ರ ನೀವು ಬೆಳಗಾವಿ ಜಿಲ್ಲಾದವರು. ಗಾಂಧೀಜಿ ಜೀವನದಾಗ ಒಂದೇ ಸಲ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದ್ರು, ಅದು 1924ರ ಡಿಸೆಂಬರ್, ನಮ್ಮ ಬೆಳಗಾವಿಯೊಳಗ. ಅವತ್ತು ನೀರಿಗಂತ ತೋಡಿದ ಕಾಂಗ್ರೆಸ್ ಬಾವಿ ಟಿಳಕವಾಡಿಯಾಗ ಈಗೂ ಐತಿ. ಅದೇ ಗಾಂಧೀಜಿ 1937ರಾಗ ವರ್ಧಾದಾಗ ಶಿಕ್ಷಣ ಸಭೆ ಕರೆದು, ಕೈಕೆಲಸದ ಮೂಲಕವೇ ಎಲ್ಲಾ ವಿಷಯ ಕಲಿಸ್ರಿ, ಅದೂ ಮಾತೃಭಾಷಾದಾಗ ಕಲಿಸ್ರಿ ಅಂದ್ರು. ಝಾಕಿರ್ ಹುಸೇನರ ಸಮಿತಿ ಅದಕ್ಕ ಸಿಲೆಬಸ್ ಮಾಡಿತು. ನಯೀ ತಾಲೀಮ್ (ಹೊಸ ಶಿಕ್ಷಣ) ಅಂತಾರಲ್ಲ, ಅದೇ ಇದು. ತಕಲಿ ಹಿಡಿದು ನೂಲು ತಗೀವಾಗ ಎಷ್ಟು ಸುತ್ತು, ಎಷ್ಟು ಗಜ ಅಂತ ಎಣಿಸಿದ್ರ ಗಣಿತ, ಹತ್ತಿ ಎಲ್ಲಿ ಬೆಳೀತೈತಿ ಅಂದ್ರ ಭೂಗೋಳ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಾಗ ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ಹತ್ತು ದಿನ ಬ್ಯಾಗ್ ಇಲ್ಲದನ ಬಡಗಿ, ಕುಂಬಾರ, ತ್ವಾಟಿಗರ ಹಂತೇಕ ಹೋಗಿ ಕಲೀಬೇಕು ಅಂತ ಬರ್ದಾರಲ್ಲ, ಅದೂ ಇದರ ಬಳಗವೇ. ನಮ್ಮ ಹಿರಿಯರು ಎತ್ತು, ಕೂರಗಿ, ತಕ್ಕಡಿ ಹಿಡಿದೇ ಲೆಕ್ಕ ಕಲಿತವರು.

ಪ್ರಶ್ನೆ: ಪ್ರಾಜೆಕ್ಟ್ ಕೊಟ್ರ ಮಗಳು ಮೊಬೈಲ್ ತಗೋತಾಳ, ಹತ್ತು ನಿಮಿಷದಾಗ ಹತ್ತು ಪೇಜ್ ರೆಡಿ, ಪ್ರಿಂಟ್ ಹೊಡಿಸಿ ಫೈಲ್ ಹಾಕ್ತಾಳ. ಏನ ಮಾಡೋದು? – ದ್ರಾಕ್ಷಿ ಬೆಳೆಗಾರರು, ತಿಕೋಟಾ

ಉತ್ತರ: ಮೊಬೈಲಿನಾಗ ಇಲ್ಲದ ಪ್ರಶ್ನೆ ಕೊಡಸ್ರಿ. ನಿಮ್ಮ ತ್ವಾಟದಾಗೇ ಐತಿ ಅದು.

ನನ್ನ ಕಡೆ ಒಂದು ಗುಂಪು ಫೆಬ್ರವರಿಯಾಗ ಒಂದು ಕಿಲೋ ಹಸಿ ದ್ರಾಕ್ಷಿ ತಂದು ಅರ್ಧರ್ಧ ಮಾಡಿದ್ರು. ಅರ್ಧ ಹಂಗೇ ನೆರಳಿನಾಗ ಬಲೆ ಮ್ಯಾಲ ಹರವಿದ್ರು. ಇನ್ನರ್ಧ ಒಣದ್ರಾಕ್ಷಿ ಶೆಡ್ಡಿನ ಮಾಲಕರ ಕೈಲೇ ಅವ್ರ ದ್ರಾವಣದಾಗ ಅದ್ದಿಸಿಕೊಂಡು ಬಂದು ಹರವಿದ್ರು, ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತ ಡಿಪ್ಪಿಂಗ್ ಎಣ್ಣಿ ಕೂಡಿಸಿದ ನೀರು ಅದು, ಹುಡುಗ್ರು ಕೈ ಹಾಕಲಿಲ್ಲ. ಕಿರಾಣಿ ಅಂಗಡಿ ತಕ್ಕಡೀಲೆ ದಿನಾ ತೂಕ, ದಿನಾ ಗ್ರಾಫ್. ಹದಿನೈದನೇ ದಿನಕ್ಕ ಅದ್ದಿದ್ದು ಕಾಲು ಭಾಗಕ್ಕ ಬಂದು ಬಂಗಾರದ ಬಣ್ಣ ಆಗಿತ್ತು, ಹಂಗೇ ಇಟ್ಟಿದ್ದು ಇನ್ನೂ ಮೆತ್ತಗ, ಒಂದೆರಡು ಬೂಷ್ಟ ಹಿಡಿದಿದ್ವು. ಯಾಕ? ಹಣ್ಣಿನ ಸಿಪ್ಪಿ ಮ್ಯಾಲ ಮೇಣದಂಥ ಪದರ ಇರ್ತೈತಿ, ಒಳಗಿನ ನೀರು ಹೊರಗ ಹೋಗಾಕ ಬಿಡೂದಿಲ್ಲ, ಆ ದ್ರಾವಣ ಅದನ್ನ ಸಡಲ ಮಾಡ್ತೈತಿ. ನಾಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಸುಮಾರು ಒಣದ್ರಾಕ್ಷಿ ಅಂತ ಬೆಳೆಗಾರ್ರಿಗೆಲ್ಲಾ ಗೊತ್ತು, ಆದ್ರ ಉಳಿದ ಮೂರು ಕಿಲೋ ಎಲ್ಲಿ ಹೋತು ಅಂತ ಹುಡುಗಿ ತಾನೇ ಗ್ರಾಫ್ ತಗದು ತೋರಿಸಿದಾಗ ಆಕಿ ಅಪ್ಪಾರು ಸಾಲೀಗೆ ಬಂದು ಆ ಹಾಳಿ ಕೇಳಿ ಇಸ್ಕೊಂಡು ಹೋದ್ರು. ಹಸಿ ಮಾರಿದ್ರ ಎಷ್ಟು, ಒಣಗಿಸಿ ಮಾರಿದ್ರ ಎಷ್ಟು, ಶೆಡ್ ಬಾಡಿಗಿ, ಆಳಿನ ಕೂಲಿ, ಕೋಲ್ಡ್ ಸ್ಟೋರೇಜ್ ಖರ್ಚು ಕಳದು ಏನ ಉಳೀತೈತಿ, ಈ ಲೆಕ್ಕ ನಿಮ್ಮ ಮಗಳ ಕೈಗೆ ಕೊಡ್ರಿ. ಮೊಬೈಲ್ ಬೇಕಾದ್ರ ಇಟ್ಕೊಳ್ಲಿ, ರೇಟು ನೋಡಾಕ ಬೇಕಾಗ್ತೈತಿ.

ಪ್ರಶ್ನೆ: ನಾನು 9ನೇ ತರಗತಿ. ನಮ್ಮ ಗುಂಪಿನಾಗ ಐದು ಮಂದಿ. ಎಲ್ಲಾ ಕೆಲಸ ನಾನೇ ಮಾಡೀನಿ, ಉಳಿದವರು ಬರೇ ಹೆಸರು ಬರಸ್ಯಾರ, ಎಲ್ಲರಿಗೂ ಒಂದೇ ಮಾರ್ಕ್ಸ್. ಟೀಚರಿಗೆ ಹೇಳಿದ್ರ ಚಾಡಿ ಹೇಳಿದಂಗ ಆಗ್ತೈತಿ. ನನಗ ಇನ್ನ ಗುಂಪು ಬ್ಯಾಡ ಅನಸೈತಿ. – ವಿದ್ಯಾರ್ಥಿನಿ, ಮುದ್ದೇಬಿಹಾಳ

ಉತ್ತರ: ಮಗಳ, ನಿನ್ನ ಪತ್ರ ಎರಡು ಸಲ ಓದಿದೆ. ನಿನಗ ಅನ್ಯಾಯ ಆಗೈತಿ, ಅದನ್ನ ಹೇಳೋದು ಚಾಡಿ ಅಲ್ಲ. ತಪ್ಪು ನಿನ್ನ ಗೆಳತ್ಯಾರದಕ್ಕಿಂತ ಹೆಚ್ಚು ನಮ್ಮಂಥ ಟೀಚರ್‌ಗಳದು. ಐದು ಮಂದಿಗೆ ಒಂದೇ ಕೆಲಸ ಕೊಟ್ರ ಒಬ್ಬರೇ ಮಾಡೋದು, ಇದು ನಮಗ ಮೊದಲೇ ಗೊತ್ತಿರಬೇಕು.

ನಾನೂ ಈ ತಪ್ಪು ಮಾಡೀನಿ. ಒಂದು ಗುಂಪಿನ ಹುಡುಗಗ ಶಭಾಷ್ ಅಂದು ಕಳಿಸಿದ್ದೆ, ಅವಂಗ ತನ್ನ ಫೈಲಿನಾಗಿನ ನಕ್ಷಾದ ಉತ್ತರ ದಿಕ್ಕು ಯಾವ ಕಡೆ ಅಂತಾನೂ ಗೊತ್ತಿದ್ದಿಲ್ಲ. ಅವತ್ತಿಂದ ಪದ್ಧತಿ ಬದಲಿ ಮಾಡಿದೆ. ಒಂದು ಗುಂಪಿಗೆ ಒಂದು ದಿನಚರಿ ನೋಟ್‌ಬುಕ್, ದಿನಾ ಕೊನೀ ಐದು ನಿಮಿಷ ಯಾರು ಏನ ಮಾಡಿದ್ರು ಅಂತ ಅವ್ರವ್ರ ಕೈಲೇ ಬರ್ದು ಸಹಿ. ಕಡೀ ದಿನ ಚೀಟಿ ಎತ್ತಸ್ತೀನಿ, ಚೀಟ್ಯಾಗ ಯಾರ ಹೆಸರು ಬಂತೋ ಅವ್ರು ತಾವು ಮಾಡಿದ್ದಲ್ಲ, ಇನ್ನೊಬ್ಬರು ಮಾಡಿದ ಭಾಗ ವಿವರಿಸಬೇಕು. ಅರ್ಧ ಮಾರ್ಕ್ಸ್ ಗುಂಪಿಗೆ, ಅರ್ಧ ಅದಕ್ಕ. ಹಿಂಗ ಮಾಡಿದ್ಮ್ಯಾಲ ಹುಶಾರ್ ಹುಡುಗ್ರೇ ಉಳಿದವರನ್ನ ಹಿಡಿದು ಕುಂದ್ರಿಸಿ ಕಲಿಸಾಕ ಶುರು ಮಾಡಿದ್ರು.

ನೀ ಈ ಪುಟ ಕತ್ತರಿಸಿ ನಿಮ್ಮ ಟೀಚರಿಗೆ ಕೊಡು, ನಿನ್ನ ಬಾಯೀಲೆ ಏನೂ ಹೇಳೂದು ಬ್ಯಾಡ. ಮುಂದಿನ ಸಲ ಕೆಲಸ ಶುರು ಆಗೋ ಮೊದಲು ಐದು ಹೆಸರು, ಐದು ಕೆಲಸ ಹಾಳಿ ಮ್ಯಾಲ ಬರಿ. ಅಳಿಯಾಕಿ, ಬರಿಯಾಕಿ, ಚಿತ್ರ ತಗಿಯಾಕಿ, ಮಂದಿಗೆ ಕೇಳಾಕಿ, ಲೆಕ್ಕ ತಾಳೆ ನೋಡಾಕಿ. ಇನ್ನೊಂದು ಮಾತು ಪ್ರೀತೀಲೆ ಹೇಳ್ತೀನಿ. ಯಾರೂ ಮಾಡ್ಲಿಲ್ಲ ಅಂತ ನೀ ಬರ್ದಿ, ಅವ್ರು ಮಾಡಾಕ ಬಂದಾಗ "ನಿನ್ನ ಅಕ್ಷರ ಛಂದಿಲ್ಲ, ನಾನೇ ಬರೀತೀನಿ" ಅಂದು ನೀನೇ ಇಸ್ಕೊಂಡಿದ್ದೇನು ನೋಡ್ಕೋ. ಹುಶಾರ್ ಹುಡುಗೇರು ಭಾಳ ಮಂದಿ ಹಂಗ ಮಾಡ್ತಾರ, ನಾನೂ ಸಣ್ಣಾಕಿ ಇದ್ದಾಗ ಮಾಡೀನಿ. ಅವ್ರ ಅಕ್ಷರ ಸೊಟ್ಟ ಇದ್ರ ಇರಲಿ.

ಪ್ರಶ್ನೆ: ಮೊಮ್ಮಗಳ ಸಾಲ್ಯಾಗ "ಮುಳುಗಡೆಯಾದ ನಮ್ಮ ಓಣಿ" ಅಂತ ಪ್ರಾಜೆಕ್ಟ್ ಕೊಟ್ಟಾರ. ಹಳೇ ಮನಿ ಬಗ್ಗೆ ಹೇಳು ಅಜ್ಜ ಅಂತ ಮೊಬೈಲಿನಾಗ ರೆಕಾರ್ಡ್ ಹಚ್ಕೊಂಡು ಕುಂದರತಾಳ. ನನಗ ಅದನ್ನ ನೆನಸಾಕ ಮನಸ್ಸಿಲ್ಲ. ಮನಿ ಹೋತು, ಅದರಾಗ ಮಕ್ಕಳು ಕಲಿಯೋದೇನೈತಿ? – ಹಿರಿಯರು, ನವನಗರ, ಬಾಗಲಕೋಟೆ

ಉತ್ತರ: ಕಾಕಾರ, ಮನಸ್ಸಿಲ್ಲ ಅಂದ್ರ ಹೇಳಬ್ಯಾಡ್ರಿ, ಮೊಮ್ಮಗಳಿಗೂ ಅದನ್ನೇ ಹೇಳ್ರಿ, ಒತ್ತಾಯ ಮಾಡಬಾರದು ಅನ್ನೋದೂ ಆ ಕೂಸು ಕಲೀಬೇಕಾದ ಪಾಠವೇ. ಆದ್ರ ಕಲಿಯೋದೇನೈತಿ ಅಂತ ಕೇಳೀರಿ, ಅದಕ್ಕ ಉತ್ತರ ಕೊಡ್ತೀನಿ.

ನಿಮ್ಮ ಓಣಿ ಮುಳುಗಿಸಿದ ಆಲಮಟ್ಟಿ ಆಣೆಕಟ್ಟಿಗೆ 1964ರಾಗ ಅಡಿಗಲ್ಲು ಬಿತ್ತು, ಪೂರ್ತಿ ತುಂಬಿದ್ರ ನೀರಿನ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್, ಇದೆಲ್ಲಾ ಪುಸ್ತಕದಾಗ ಸಿಗ್ತೈತಿ. ಆ 519.60 ಗೆರಿ ಯಾರ ಅಡಗಿಮನಿ ಮ್ಯಾಲ ಹಾದು ಹೋತು, ಯಾರ ಅಂಗಡಿ ಮುಂದ ನಿಂತಿತು, ಅದು ಯಾವ ಪುಸ್ತಕದಾಗೂ ಇಲ್ರಿ. ನಿಮ್ಮ ತಲ್ಯಾಗ ಐತಿ. ನಾ ಒಂದು ವರ್ಷ ಇಂಥದೇ ಮಾಡಿಸಿದ್ದೆ. ಊರು ಯಾವ ವರ್ಷ ಬಿಟ್ರಿ ಅಂತ ಕೇಳಿದ್ರ ಒಬ್ಬ ಅಜ್ಜ ಒಂದು ವರ್ಷ ಹೇಳಿದ್ರು, ಬಾಜೂ ಮನಿ ಅಮ್ಮ ಅದರ ಮುಂದಿನ ವರ್ಷ ಊರು ಬಿಟ್ವಿ ಅಂದ್ರು. ಹುಡುಗ್ರು ಗೊಂದಲ ಆಗಿ ಬಂದ್ರು, ಯಾರದು ಖರೆ? ಆಗ ಅವ್ರು ಹಕ್ಕುಪತ್ರ ಕೇಳಿದ್ರು, ಹಳೇ ಲೈಟ್ ಬಿಲ್ ಹುಡುಕಿದ್ರು, ಮದುವಿ ಪತ್ರಿಕಾ ಹುಡುಕಿದ್ರು. ಒಂದು ಮದುವಿ ಪತ್ರಿಕಾದಾಗ ಹಳೇ ಓಣಿ ವಿಳಾಸ, ಅದೇ ಮನಿಯ ಮುಂದಿನ ಮದುವಿ ಪತ್ರಿಕಾದಾಗ, ಮುಳುಗಡೆ ಮಂದಿಗೆ ಕಟ್ಟಿದ ನವನಗರದ ಸೆಕ್ಟರ್ ನಂಬರ್. ಇತಿಹಾಸಕಾರರು ಮಾಡೋ ಕೆಲಸ ಇದೇ ಅಲ್ಲೇನ್ರಿ, ಬಾದಾಮಿ ಮೂರನೇ ಗುಹಾದಾಗಿನ ಶಾಸನ ನೋಡಿ ಅದು 578ರದು ಅಂತ ನಮಗ ಗೊತ್ತಾಗಿದ್ದೂ ಹಿಂಗ ಬರಹದ ಆಧಾರ ಹಿಡಿದೇ. ಆಮ್ಯಾಲ ತಿಳೀತು, ಅಜ್ಜನೂ ಖರೆ, ಅಮ್ಮನೂ ಖರೆ. ಅಜ್ಜ ಸಾಮಾನು ಸಾಗಿಸಿದ ವರ್ಷ ಹೇಳಿದ್ರು, ಅಮ್ಮ ತಾವು ಪೂರ್ತಿ ಬಂದು ಉಳಿದ ವರ್ಷ ಹೇಳಿದ್ರು.

ಸೆಕ್ಟರ್ ನಂಬರಿನಾಗ ಹುಟ್ಟಿದ ಮಕ್ಕಳಿಗೆ ಓಣಿ ಅಂದ್ರ ಏನಂತ ಗೊತ್ತಿಲ್ಲ ಕಾಕಾರ. ಯಾರ ಕಟ್ಟಿ ಮ್ಯಾಲ ಯಾರು ಕುಂದರತಿದ್ರು, ನೀರು ಎಲ್ಲಿಂದ ತರತಿದ್ರು, ಜಾತ್ರಿ ತೇರು ಯಾವ ತಿರುವಿನಾಗ ಸಿಕ್ಕೋತಿತ್ತು, ಇಂಥಾವು ಅವ್ರು ಕೇಳ್ತಾರ. ನಿಮಗ ಮನಿ ಬಗ್ಗೆ ಮಾತಾಡಾಕ ಆಗ್ಲಿಲ್ಲಂದ್ರ ರೆಕಾರ್ಡ್ ಬಂದ್ ಮಾಡಸ್ರಿ. ಒಂದು ದೊಡ್ಡ ಹಾಳಿ, ಒಂದು ಪೆನ್ಸಿಲ್ ತಗೋರಿ. ನಿಮ್ಮ ಮನಿ ಬಿಡ್ರಿ, ಓಣಿ ತುದಿಯಾಗಿನ ಅಂಗಡಿಯಿಂದ ಶುರು ಮಾಡ್ರಿ. ಮೊಮ್ಮಗಳು ಗೆರಿ ಎಳೀಲಿ, ನೀವು ಬರೇ ಎಡಕ, ಬಲಕ ಅಂತ ಹೇಳ್ಕೋತ ಹೋಗ್ರಿ. ನಿಮ್ಮ ಬಾಗಿಲ ತನಕ ಬಂದಾಗ ಒಳಗ ಹೋಗಬೇಕೋ ಬ್ಯಾಡೋ ಅಂತ ಅವಾಗ ನೋಡಿದ್ರಾತು.